ಅಪ್ಪನ ಟೆಸ್ಟಿಂಗ್ ಕ್ಯಾಸೆಟ್

ನನಗೆ ರಾಕ್ ಸಂಗೀತದ ಹುಚ್ಚು ಹಿಡಿಸಿದ್ದು ಅಪ್ಪ ಎಂದರೆ ಯಾರೂ ನಂಬುವುದಿಲ್ಲ. ಅಪ್ಪನಿಗೆ ಇಂಗ್ಲಿಷೂ ಬಾರದು, ಆ ಗದ್ದಲವೂ ಸೇರದು. ಪಾವಗಡದಲ್ಲಿ ಅವನದು ಮೈಕ್‌ಸೆಟ್ ಅಂಗಡಿ. ರಿಪೇರಿಯಾದ ಸ್ಪೀಕರುಗಳನ್ನು ಪರೀಕ್ಷಿಸಲೆಂದೇ ಒಂದು ಇಂಗ್ಲಿಷ್ ಕ್ಯಾಸೆಟ್ ಇಟ್ಟುಕೊಂಡಿದ್ದ.

"ಈ ಗಿಟಾರ್ ಬಡಿತ ತಡ್ಕಂಡ ಸ್ಪೀಕರು ಯಾವ ಮದ್ವೇಲೂ ಕೈ ಕೊಡಲ್ಲ ಕಣಮ್ಮ" ಎನ್ನುತ್ತಿದ್ದ.

ಗಿಟಾರು ಗುಡುಗುತ್ತಿತ್ತು, ಡ್ರಮ್ಮು ಸೇರಿಕೊಳ್ಳುತ್ತಿತ್ತು. ಹಾಡುವವನು ಇನ್ನೇನು ದನಿ ತೆಗೆಯಬೇಕು, ಅಷ್ಟರಲ್ಲಿ ಟಪ್ಪೆಂದು ನಿಲ್ಲಿಸಿಬಿಡುತ್ತಿದ್ದ. ಸ್ಕೂಲು ಬಿಟ್ಟು ಅಂಗಡಿಗೆ ಬಂದು ಕೂತಿರುತ್ತಿದ್ದ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಇನ್ನೊಂಚೂರು ಬುಡಪ್ಪ!"

"ಸ್ಪೀಕರ್ ಸರಿಯಾಗೈತೆ. ಇನ್ನೇನು?"

ಮುಂದೆ ಏನಿತ್ತು ಎಂದು ಹುಡುಕುತ್ತಲೇ ನಾನು ರಾಕ್‌ನ ಬೆನ್ನು ಹತ್ತಿದೆ. ದೊಡ್ಡವಳಾದ ಮೇಲೆ ಆ ಹಾಡೂ ಸಿಕ್ಕಿತು.

ಅಪ್ಪ ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾನೆ. ಮೊನ್ನೆ ಅವನ ಪಕ್ಕದಲ್ಲಿ ಕೂತು ಫೋನಿನಲ್ಲಿ ಅದೇ ಹಾಡು ಹಾಕಿದೆ. ಡ್ರಮ್ಮು ಸೇರಿಕೊಳ್ಳುತ್ತಲೇ ಅಪ್ಪನ ಬೆರಳು ತಾನಾಗಿ ಫೋನಿನತ್ತ ಹೋಯಿತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಹಾಡು ಮುಗಿಯುವ ತನಕ ಬಿಡಲಿಲ್ಲ.

ಹಾಡು ನಿಂತಾಗ ಅಪ್ಪ ಫೋನಿನತ್ತ ಬಗ್ಗಿ ನೋಡಿದ. ಆಮೇಲೆ, "ಪಾಪ, ಒಂದಿನಾನೂ ಆ ಹಾಡೋನ್ನ ಬಾಯಿ ತೆಗ್ಯಾಕೆ ಬುಡ್ಲಿಲ್ವಲ್ಲಮ್ಮ ನಾನು" ಎಂದ.