ಅಕ್ಕನ ಕತ್ತಿನಲ್ಲಿ ನನ್ನ ತಾಳಿ

ನಾಲ್ಕು ಬಾಳೆಹಣ್ಣು ಕೊಂಡರೂ ಅಕ್ಕ ರಸೀದಿಯನ್ನು ಕೈಯಲ್ಲಿ ಕಾಣುವಂತೆ ಹಿಡಿದೇ ಅಂಗಡಿಯಿಂದ ಹೊರಗೆ ಬರುತ್ತಿದ್ದಳು. ಮನೆ ಸೇರಿ ಬಾಗಿಲು ಹಾಕಿಕೊಳ್ಳುವವರೆಗೆ ಅದು ಪರ್ಸಿಗೆ ಹೋಗುತ್ತಿರಲಿಲ್ಲ. ಹಿಮ ಬೀಳುವ ದಿನಗಳಲ್ಲೂ ಕೈಗವಸಿನೊಳಗೆ ಅರ್ಧ ಸಿಕ್ಕಿಸಿ, ಅರ್ಧ ಹೊರಗೆ ಬಿಟ್ಟುಕೊಂಡು ನಡೆಯುತ್ತಿದ್ದಳು. “ಬಾಳೆಹಣ್ಣಿಗೂ ಸಾಕ್ಷಿ ಬೇಕಾ ಅಕ್ಕಾ?” ಎಂದು ನಾನು ರೇಗಿಸುತ್ತಿದ್ದೆ. “ನಿನಗೆ ಬೇಡ, ನನಗೆ ಬೇಕು” ಎಂದು ಅವಳು ನಗದೆ ಹೇಳುತ್ತಿದ್ದಳು.

ಅವಳು ಆಫ್ರಿಕಾದ ಗ್ಯಾಂಬಿಯಾದವಳು. ಸ್ಟಾಕ್‌ಹೋಮಿನ ದಕ್ಷಿಣಕ್ಕೆ ನಾವಿದ್ದ ಕಟ್ಟಡದಲ್ಲಿ, ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ, ಬಸ್ಸು ಓಡಿಸುವ ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದಳು. ವೃದ್ಧರ ಮನೆಯೊಂದರಲ್ಲಿ ಮುದುಕರನ್ನು ಎತ್ತಿ ಕೂರಿಸುವ, ಸ್ನಾನ ಮಾಡಿಸುವ ಕೆಲಸ. ಅದೂ ಕಾಯಂ ಅಲ್ಲ, ಫೋನ್ ಮಾಡಿ ಕರೆದ ದಿನ ಹೋಗಬೇಕು. ನಾನು ಅಲ್ಲೇ ಹತ್ತಿರದ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ಗಂಡನಿಗೆ ದೂರದ ಕಾರ್ಲ್‌ಸ್ಕ್ರೂನಾದಲ್ಲಿ ಸಾಫ್ಟ್‌ವೇರ್ ಕೆಲಸ, ಶುಕ್ರವಾರ ರೈಲು ಹತ್ತಿ ಬರುತ್ತಿದ್ದರು. ಊರಿಗೆ ಫೋನ್ ಮಾಡಬೇಕಾದರೆ ಕಾರ್ಡ್ ಕೆರೆದು ಉದ್ದದ ನಂಬರ್ ಒತ್ತಬೇಕಿದ್ದ ಕಾಲ. ನಾನು ಬಸುರಿಯಾಗಿ, ಕುಡಿದ ನೀರೂ ನಿಲ್ಲದೆ ಬಿದ್ದುಕೊಂಡಿದ್ದಾಗ ಶುಂಠಿ ಕುದಿಸಿ ತಂದುಕೊಟ್ಟವಳು ಅವಳೇ. ಅಂದಿನಿಂದ ಅವಳು ನನಗೆ ಅಕ್ಕ, ಅವಳಿಗೆ ನಾನು ತಂಗಿ. ಆ ಎರಡು ಕನ್ನಡ ಪದಗಳನ್ನು ಅವಳು ಬಹಳ ಚೆನ್ನಾಗಿ ಉಚ್ಚರಿಸುತ್ತಿದ್ದಳು.

ಪೊಲೀಸರೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಬೆಂಗಳೂರಿನ ನಮ್ಮ ಮನೆಗೆ ಅವರು ಬಂದದ್ದು ಒಂದೇ ಸಲ, ಅದೂ ನನ್ನ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ. ಕಾಫಿ ಕುಡಿದು ಹೋದರು. ಅಷ್ಟಕ್ಕೇ ಅಮ್ಮ ಆ ದಿನವೆಲ್ಲ ಮುಂಬಾಗಿಲು ತೆರೆದಿರಲಿಲ್ಲ. ಸ್ವೀಡನ್ನಿನ ಪೊಲೀಸರು ಬೇರೆ ಜಾತಿ ಎಂದು ನಾನು ನಂಬಿದ್ದೆ, ದಾರಿ ಕೇಳಿದರೆ ನಕ್ಕು ತೋರಿಸುತ್ತಿದ್ದರು. ಆದರೆ ಅಕ್ಕನ ಜೊತೆ ರೈಲು ಸ್ಟೇಷನ್ನಿನಲ್ಲಿ ನಡೆಯುವಾಗ ಅವರು ನನಗೆ ತಲೆಯಾಡಿಸಿ, ಅವಳನ್ನು ಮಾತ್ರ ನಿಲ್ಲಿಸಿ ಕಾಗದ ಕೇಳುತ್ತಿದ್ದರು. ಅವಳು ಜೇಬಿನಿಂದ ಎರಡೂ ಕೈ ನಿಧಾನವಾಗಿ ಹೊರಗೆ ತೆಗೆದು, ಬೆರಳು ಬಿಡಿಸಿ ತೋರಿಸಿ, ಆಮೇಲೆ ಬ್ಯಾಗಿಗೆ ಕೈ ಹಾಕುತ್ತಿದ್ದಳು.

ಡಾಕ್ಟರು ಹೇಳಿದ್ದ ದಿನಕ್ಕಿಂತ ಮೊದಲೇ ನೋವು ಶುರುವಾಯಿತು. ವಾರದ ನಡುವಿನ ಒಂದು ಬೆಳಿಗ್ಗೆ, ಇವರು ಕಾರ್ಲ್‌ಸ್ಕ್ರೂನಾದಲ್ಲಿ, ನಾನೊಬ್ಬಳೇ. ಅಕ್ಕ ನನ್ನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದಳು. ಮಗು ಅಡ್ಡ ತಿರುಗಿದೆ, ಆಪರೇಷನ್ ಮಾಡಬೇಕು ಎಂದರು. ಇವರಿಗೆ ಫೋನ್ ಮಾಡಿದೆ. “ಸಿಕ್ಕಿದ ಟ್ರೇನ್ ಹತ್ತುತೀನಿ ಕಣೇ, ಹೆದರಬೇಡ” ಎಂದರು. ಹೆದರಿದ್ದವರು ಅವರೇ, ಧ್ವನಿಯಲ್ಲೇ ಗೊತ್ತಾಯಿತು.

ಆಮೇಲೆ ನರ್ಸ್ ಬಂದು ಮೈಮೇಲಿನ ಚಿನ್ನವೆಲ್ಲ ತೆಗೆಯಬೇಕು ಎಂದಳು. ಬಳೆ ತೆಗೆದೆ, ಓಲೆ ತೆಗೆದೆ. ತಾಳಿಗೆ ಕೈ ಹೋಗಲಿಲ್ಲ. ಮದುವೆಯಾದಂದಿನಿಂದ ಅದನ್ನು ಕತ್ತಿನಿಂದ ತೆಗೆದವಳಲ್ಲ. ಅಮ್ಮನಿಗೆ ಫೋನ್ ಹಚ್ಚಿದೆ.

“ಬರಿ ಕತ್ತಲ್ಲಿ ಒಳಗೆ ಹೋಗ್ಬೇಡ,” ಎಂದಳು ಅಮ್ಮ. “ಅರಿಶಿನದ ಕೊಂಬು ಕಳಿಸಿದ್ನಲ್ಲ, ದಾರಕ್ಕೆ ಕಟ್ಟಿ ಹಾಕ್ಕೋ. ತಾಳಿನ ಎಲ್ಲೆಂದರಲ್ಲಿ ಇಡ್ಬೇಡ, ನೆಲ ಮುಟ್ಟಬಾರ್ದು. ಯಾರಾದ್ರೂ ಮುತ್ತೈದೆ ಇದ್ದಾರಾ ಜೊತೇಲಿ?”

“ಕೆಳಗಿನ ಮನೆ ಅಕ್ಕ ಇದ್ದಾರಮ್ಮ.”

“ಹಾಗಾದ್ರೆ ಅವರ ಕೈಗೇ ಕೊಡು.”

ಅಮ್ಮ ಆ ಅಕ್ಕನನ್ನು ಮಲ್ಲೇಶ್ವರದ ಕಡೆಯವಳೆಂದೇ ಭಾವಿಸಿದ್ದಿರಬೇಕು. ಪರ್ಸಿನಲ್ಲಿದ್ದ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿದವಳೂ ಅಕ್ಕನೇ. ತಾಳಿಯನ್ನು ಬ್ಯಾಗಿಗೆ ಹಾಕಲು ಹೋದಳು, ನಾನು ಬೇಡ, ಅದು ನೆಲ ಮುಟ್ಟಬಾರದು ಎಂದೆ, ಬಟ್ಟೆ ತರಲು ಮನೆಗೆ ಹೋಗುವಾಗ ಬ್ಯಾಗನ್ನು ಬಸ್ಸಿನಲ್ಲಿ ಕೆಳಗಿಡುತ್ತಾಳಲ್ಲ. ಅವಳು ಯೋಚಿಸಿ, ಅದನ್ನು ತನ್ನ ಕತ್ತಿಗೇ ಹಾಕಿಕೊಂಡು ಮೇಲೆ ತಲೆವಸ್ತ್ರ ಎಳೆದುಕೊಂಡಳು. ಅಮ್ಮ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ಆ ನೋವಿನಲ್ಲೂ ನನಗೆ ನಗು ಬಂತು.

“ಇದಕ್ಕಿಂತ ಭದ್ರವಾದ ಜಾಗ ಇಲ್ಲ,” ಎಂದಳು ಅಕ್ಕ. “ಕತ್ತಿಗೆ ಯಾರು ಕೈ ಹಾಕ್ತಾರೆ?”

ಮಗುವಿಗೆ ಬಟ್ಟೆ ಬೇಕಿತ್ತು. ಹುಟ್ಟುವ ಮೊದಲೇ ಕೂಸಿನ ಬಟ್ಟೆ ಜೋಡಿಸಿಡಬಾರದು ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರಿಂದ ನಾನು ಏನನ್ನೂ ತಂದಿರಲಿಲ್ಲ. ಮೊದಲು ಸುತ್ತಬೇಕಾದದ್ದು ಅಮ್ಮನ ಹಳೆಯ ಮೆತ್ತನೆ ಕಾಟನ್ ಸೀರೆ, ಅದು ನಮ್ಮ ಬೀರುವಿನಲ್ಲಿತ್ತು. ಮನೆಯ ಕೀಲಿಕೈಯನ್ನು ಅಕ್ಕನಿಗೆ ಕೊಟ್ಟೆ. “ನೀನು ಕಣ್ಣು ಬಿಡೋದರೊಳಗೆ ಬಂದಿರ್ತೀನಿ ತಂಗಿ” ಎಂದು ಹೇಳಿ ಹೋದಳು.

ಮಗಳು ಹುಟ್ಟಿದಳು. ಅವಳನ್ನು ನನ್ನ ಎದೆಯ ಮೇಲಿಟ್ಟರು. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಸುತ್ತಿದ್ದರು. ಅಕ್ಕ ಬಂದಿರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡೆ. ಮತ್ತೊಂದು ಬಸ್ಸೂ ಬಂದು ಹೋಗುವಷ್ಟು ಹೊತ್ತಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಫೋನ್ ಎತ್ತದೇ ಇರುವವಳಲ್ಲ ಅವಳು, ಕೆಲಸಕ್ಕೆ ಕರೆ ಬರುತ್ತದೆಂದು ಅದನ್ನು ಅಂಗೈಯಲ್ಲೇ ಇಟ್ಟುಕೊಂಡಿರುತ್ತಿದ್ದಳು. ಹೊಲಿಗೆ ಹಾಕಿದ ಹೊಟ್ಟೆಯ ಕೆಳಗೆ ಕಾಲು ಇನ್ನೂ ಜೋಮು ಹಿಡಿದಿತ್ತು. ಎದ್ದು ಓಡಲಾಗದೆ ಮಲಗಿದವಳಿಗೆ ಬಾಗಿಲಲ್ಲಿ ಪ್ರತಿ ಹೆಜ್ಜೆ ಸಪ್ಪಳಕ್ಕೂ ಜೀವ ಹಾರುತ್ತಿತ್ತು.

ಬಂದವರು ಇವರು. ಮಗುವನ್ನೂ ನೋಡದೆ ಮೊದಲು ನನ್ನ ಮುಖ ಮುಟ್ಟಿ ನೋಡಿದರು, ಆಮೇಲೆ ಕತ್ತು ನೋಡಿದರು.

“ನಿಂಗೇನೂ ಆಗಿಲ್ಲ ತಾನೆ? ಯಾರು ಕಿತ್ಕೊಂಡ್ರು? ಪೊಲೀಸ್ ಫೋನ್ ಮಾಡಿದ್ರು. ನಮ್ಮ ಮನೆಯಿಂದ ಹೊರಗೆ ಬರ್ತಿದ್ದವರನ್ನ ಹಿಡಿದಿದಾರಂತೆ. ತಾಳಿ ಸಿಕ್ಕಿದೆ.”

“ನೀವೇನು ಹೇಳಿದ್ರಿ?”

“ನನ್ನ ವೈಫ್‌ದು ಅಂದೆ. ಅವಳು ಅದನ್ನ ಯಾವತ್ತೂ ಬಿಚ್ಚಲ್ಲ, ಯಾರಿಗೂ ಕೊಡಲ್ಲ, ಅವಳಿಗೇನೋ ಆಗಿದೆ, ಮೊದಲು ಅವಳನ್ನ ನೋಡಿ ಅಂತ ಕೂಗಾಡಿದೆ. ನಿನ್ನ ಫೋನ್ ಬೇರೆ ಆಫ್ ಇತ್ತು.”

ಹಿಡಿದದ್ದು ಯಾರನ್ನೆಂದು ಪೊಲೀಸರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಇವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆಯ ಯಾವ ಗಂಡಸನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ. ಆ ಮಾತಿನಿಂದ ಅಕ್ಕ ಬರಿಯ ಕಳ್ಳಿಯಾಗಿ ಉಳಿಯಲಿಲ್ಲ, ಒಬ್ಬ ಬಸುರಿಗೆ ಏನೋ ಮಾಡಿ ಚಿನ್ನ ಕಿತ್ತುಕೊಂಡವಳಾದಳು. “ರೀ, ಅದು ಅಕ್ಕ! ನಾನೇ ಕೊಟ್ಟಿದ್ದು!” ಎಂದು ಕಿರುಚಿದೆ. ಮಗು ಬೆಚ್ಚಿ ಅಳತೊಡಗಿತು. ಇವರ ಮುಖ ಬಿಳಿಚಿಕೊಂಡಿತು. ತಕ್ಷಣ ಪೊಲೀಸರಿಗೆ ಫೋನ್ ಮಾಡಿದರು. ನಾವೇ ಬರುತ್ತೇವೆ, ನಿಮ್ಮ ಹೆಂಡತಿಯ ಬಾಯಿಂದಲೇ ಕೇಳಬೇಕು ಎಂದರಂತೆ.

ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಮಗು ಚೆನ್ನಾಗಿದೆ ಎಂದರು. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ತಾಳಿ ಇತ್ತು. ಸರ ತುಂಡಾಗಿತ್ತು, ಕರಿಮಣಿಗಳಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲ.

“ನಾನೇ ಕೊಟ್ಟೆ. ಕೀಲಿಕೈಯನ್ನೂ ನಾನೇ ಕೊಟ್ಟೆ,” ಎಂದೆ.

“ಇದನ್ನು ನೀವು ಎಂದೂ ತೆಗೆಯುವುದಿಲ್ಲ, ಯಾರಿಗೂ ಕೊಡುವುದಿಲ್ಲ ಎಂದು ನಿಮ್ಮ ಗಂಡ ಹೇಳಿದ್ದಾರೆ. ನಿಮ್ಮ ಸಂಸ್ಕೃತಿಯಲ್ಲಿ ಅದು ನಿಷಿದ್ಧವಂತೆ.”

“ಆಪರೇಷನ್ ಇತ್ತು. ನರ್ಸನ್ನು ಕೇಳಿ.”

ಹೆಂಗಸು ಮಂಚದ ಅಂಚಿನಲ್ಲಿ ಕೂತು ಧ್ವನಿ ತಗ್ಗಿಸಿದಳು. “ನೀವು ನಡುಗುತ್ತಿದ್ದೀರಿ. ಆ ಹೆಂಗಸಿಗೆ ಹೆದರಿ ಹೀಗೆ ಹೇಳುತ್ತಿದ್ದೀರಾ? ಅವಳು ನಿಮ್ಮ ಕಟ್ಟಡದಲ್ಲೇ ಇರುವವಳು, ನಮಗೆ ಗೊತ್ತು. ನಿಮಗೆ ರಕ್ಷಣೆ ಕೊಡಬಹುದು.”

ನಡುಗುತ್ತಿದ್ದುದು ನಿಜ. ಹಲ್ಲು ಕಟಕಟ ಎನ್ನುತ್ತಿತ್ತು. ಎದ್ದು ಕೂರಲೂ ಆಗದೆ ಮಲಗಿದ್ದೆ, ಎದೆಯ ಮೇಲೆ ಕೂಸು, ಮೇಲೆ ಬಾಗಿ ನಿಂತ ಎರಡು ಸಮವಸ್ತ್ರ. ಇವರು ನನ್ನ ಕಿವಿಯ ಹತ್ತಿರ ಕನ್ನಡದಲ್ಲಿ, “ಇಲ್ಲಿರೋ ಪರ್ಮಿಟ್ ರಿನ್ಯೂವಲ್‌ಗೆ ಹಾಕಿದೀವಿ ಕಣೇ, ಹುಷಾರಾಗಿ ಮಾತಾಡು” ಎಂದರು. ಅದನ್ನು ಕೇಳಿ ನನಗೆ ಎಲ್ಲಿಂದಲೋ ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಬೈಯುತ್ತಿದ್ದಳಲ್ಲ, ಅದೇ ಅಂದು ನನ್ನನ್ನು ಕಾಪಾಡಿತು.

“ಹೌದು, ಹೆದರಿದ್ದೇನೆ,” ಎಂದೆ. “ನಿಮಗೆ. ನನ್ನ ಅಕ್ಕ ಎಲ್ಲಿ?”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರ್ಸ್ ಬಂದು ನಡೆದದ್ದನ್ನು ಹೇಳಿದಳು. ಪೊಲೀಸರು ತಾಳಿಯ ಚೀಲವನ್ನು ಎತ್ತಿಕೊಂಡು, ಶುಭಾಶಯ ಹೇಳಿ ಹೋದರು.

ನಡೆದದ್ದೇನೆಂದು ಅಕ್ಕನಿಂದಲೇ ತಿಳಿದದ್ದು ನಾನು ಮನೆಗೆ ಬಂದ ಮೇಲೆ. ನಮ್ಮ ಎದುರು ಮನೆಯವರು, ದಿನಾ ನಮ್ಮಿಬ್ಬರಿಗೂ ‘ಹೇಯ್’ ಎಂದು ನಮಸ್ಕಾರ ಹೇಳುತ್ತಿದ್ದವರು, ಅವಳು ನಮ್ಮ ಬಾಗಿಲು ತೆಗೆದದ್ದನ್ನು ನೋಡಿ ಪೊಲೀಸರಿಗೆ ಹೇಳಿದ್ದರು. ಅವಳು ಸೀರೆ ಮಡಿಸಿಟ್ಟ ಚೀಲ ಹಿಡಿದು ಬೀಗ ಹಾಕುವಷ್ಟರಲ್ಲಿ ಮೆಟ್ಟಿಲ ಮೇಲೆ ಪೊಲೀಸರಿದ್ದರು. ಯಾರ ಮನೆ ಎಂದರೆ ತಂಗಿಯ ಮನೆ ಎಂದಳಂತೆ. ಬಾಗಿಲ ಮೇಲಿನ ಹೆಸರು ನೋಡಿ, ಅವಳ ಮುಖ ನೋಡಿ, ಒಬ್ಬ ನಕ್ಕನಂತೆ. ಅವಳು ಎಂದಿನಂತೆ ಕೈ ಬಿಡಿಸಿ ತೋರಿಸಿದಳು. ಆದರೆ ತಲೆವಸ್ತ್ರದ ಕೆಳಗೆ ಚಿನ್ನ ಕಂಡಿತು. ಅವನು ಅದಕ್ಕೆ ಕೈ ಹಾಕಿದಾಗ, ನಾನು ಹೇಳಿದ ಮಾತು ನೆನಪಾಗಿ, ಅವಳು ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನೆಲ ಮುಟ್ಟಬಾರದು ಅಂದಿದ್ದೆಯಲ್ಲ,” ಎಂದಳು.

ಅವಳನ್ನು ಮುಖ ಅಡಿ ಮಾಡಿ ಬೀಳಿಸಿದರು. ಬೆನ್ನಿನ ಮೇಲೆ ಮೊಣಕಾಲು ಊರಿ, ತಾಳಿ ಹಿಡಿದಿದ್ದ ಕೈಯನ್ನು ಹಿಂದಕ್ಕೆ ತಿರುಚಿದರು, ಮಣಿಕಟ್ಟಿನ ಮೂಳೆ ಮುರಿಯಿತು. ಉಸಿರು ಸಿಗುತ್ತಿಲ್ಲ ಎಂದು ಅವರ ಭಾಷೆಯಲ್ಲೇ ಹೇಳಿದಳು. ತಲೆವಸ್ತ್ರ ಎಲ್ಲೋ ಹೋಗಿತ್ತು. ಕರಿಮಣಿಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳುವ ಸದ್ದು ಕೇಳುತ್ತಿತ್ತಂತೆ. ಕೆನ್ನೆ ನೆಲಕ್ಕೊತ್ತಿದ್ದಲ್ಲಿಂದ ಅವಳಿಗೆ ಕಂಡದ್ದು ಮನೆಗಳ ಬಾಗಿಲಿನಲ್ಲಿ ಟಪಾಲು ಹಾಕುವ ಸೀಳುಗಳು. ಅವುಗಳ ಮುಚ್ಚಳ ಒಂದೊಂದಾಗಿ ಒಳಗಿನಿಂದ ಮೇಲಕ್ಕೆದ್ದವು. ಬಾಗಿಲು ಮಾತ್ರ ಒಂದೂ ತೆರೆಯಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ಅಯ್ಯೋ, ತಾಳಿ ಹರೀತಾ?” ಎಂದು ಅವಳು ಅತ್ತಳು. ಅಳಿಯನ ಆಯುಸ್ಸಿಗೆ ದೇವರಿಗೆ ಮುಡಿಪು ಕಟ್ಟಿದಳು. ನಾನು ಫೋನ್ ಇಟ್ಟುಬಿಟ್ಟೆ. ಅಕ್ಕನ ಕತ್ತಿನ ಸುತ್ತ ಸರ ಎಳೆದ ಗೆರೆ ಕೆಂಪಗೆ ಉಬ್ಬಿ ನಿಂತಿತ್ತು, ಅದನ್ನು ಯಾರೂ ಕೇಳಲಿಲ್ಲ.

ಕಳ್ಳತನದ ಮೊಕದ್ದಮೆಯನ್ನು ಕೈಬಿಟ್ಟರು. ಪೊಲೀಸರಿಗೆ ಪ್ರತಿರೋಧ ಒಡ್ಡಿದಳು ಎಂಬುದು ಮಾತ್ರ ಉಳಿಯಿತು. ಕದ್ದೇ ಇಲ್ಲದವಳು ಯಾವುದಕ್ಕೆ ಪ್ರತಿರೋಧ ಒಡ್ಡಿದಳು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೋರ್ಟಿಗೆ ನಾನೂ ಹೋದೆ, ಇವರೂ ಬಂದು ತಮ್ಮ ಮಾತಿನ ಹಿನ್ನೆಲೆ ವಿವರಿಸಿದರು. “ಘಟನೆ ನಡೆದಾಗ ನೀವು ಅಲ್ಲಿದ್ದಿರಾ?” ಎಂದು ನನ್ನನ್ನು ಕೇಳಿದರು. ಇರಲಿಲ್ಲ. ಅಲ್ಲಿದ್ದವರು, ಆ ಸೀಳುಗಳ ಹಿಂದಿದ್ದವರು, ಏನೂ ನೋಡಲಿಲ್ಲ ಎಂದರು. ಅಕ್ಕ ತಪ್ಪಿತಸ್ಥೆ ಎಂದೇ ತೀರ್ಪಾಯಿತು, ಸಣ್ಣ ಶಿಕ್ಷೆ ಎಂದು ವಕೀಲರು ಸಮಾಧಾನ ಹೇಳಿದರು. ಮುದುಕರನ್ನು ಎತ್ತುವ ಶಕ್ತಿ ಅವಳ ಮುರಿದ ಕೈಗೆ ಮತ್ತೆ ಬರಲಿಲ್ಲ, ವೃದ್ಧರ ಮನೆಯವರು ಕರೆಯುವುದನ್ನು ನಿಲ್ಲಿಸಿದರು. ನಾನು ಎಷ್ಟು ಹೇಳಿದರೂ ನಮ್ಮ ಮನೆಯ ಕೀಲಿಕೈಯನ್ನು ಅವಳು ಮತ್ತೆ ಮುಟ್ಟಲಿಲ್ಲ.

ಮಗಳಿಗೆ ಹೆಸರಿಟ್ಟದ್ದು ಅದೆಲ್ಲ ಮುಗಿದ ಮೇಲೆ. ಸಣ್ಣ ಶಾಸ್ತ್ರ, ಮೂರ್ನಾಲ್ಕು ಕನ್ನಡದ ಮನೆಯವರು. ಅಕ್ಕನಿಗೆ ನಾನೇ ಅರಿಶಿನ ಕುಂಕುಮ ಕೊಟ್ಟೆ, ತೆಂಗಿನಕಾಯಿ, ಬಾಳೆಹಣ್ಣು, ಹಸಿರು ರವಿಕೆ ಕಣ ಮಡಿಲಿಗೆ ಹಾಕಿದೆ. ಹೊಸ ಸರದಲ್ಲಿ ಪೋಣಿಸಿದ ತಾಳಿಯನ್ನು ಅವಳು ಒಮ್ಮೆ ನೋಡಿ ಕಣ್ಣು ತೆಗೆದಳು. ಮಗುವಿನ ಹಣೆಗೆ ಮುತ್ತಿಟ್ಟಳು. ಹೊರಡುವಾಗ ಹೊಸ್ತಿಲ ಒಳಗೇ ನಿಂತು ಮೆಟ್ಟಿಲ ಕಡೆ ನೋಡಿದಳು.

“ತಂಗಿ, ಇದನ್ನೆಲ್ಲ ನೀನೇ ಕೊಟ್ಟದ್ದು ಅಂತ ಒಂದು ಚೀಟಿ ಬರೆದುಕೊಡು.”

ರೇಗಿಸುತ್ತಿದ್ದಾಳೆ ಎಂದು ನಕ್ಕೆ. ಅವಳು ನಗಲಿಲ್ಲ. ಸರಿಯಿಲ್ಲದ ಕೈಯಿಂದ ಮಡಿಲನ್ನು ಅವುಚಿ ಹಿಡಿದುಕೊಂಡು ಕಾಯುತ್ತಿದ್ದಳು. ಒಳಗೆ ಹೋಗಿ ಕಾಗದ ತಂದೆ. ಸ್ವೀಡಿಷ್‌ನಲ್ಲೇ ಬರೆದೆ, ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಹಸಿರು ಬಟ್ಟೆ ಒಂದು, ನಾನಾಗಿಯೇ ಕೊಟ್ಟದ್ದು. “ನಿನ್ನ ಪರ್ಸೂನ್‌ನುಮ್ಮರ್ ಕೂಡ ಹಾಕು” ಎಂದಳು. ಗುರುತಿನ ಸಂಖ್ಯೆ ಬರೆದು ಸಹಿ ಮಾಡಿದೆ.

ಅವಳು ಅದನ್ನು ಓದಿ ನೋಡಿದಳು, ಬ್ಯಾಗಿಗೆ ಹಾಕಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದು, ಒಂದೇ ಮಹಡಿ ಕೆಳಗಿದ್ದ ತನ್ನ ಮನೆಗೆ ಮೆಟ್ಟಿಲಿಳಿದು ಹೋದಳು.