ಒಂದನೇ ಕ್ಲಾಸಿನ ಮುಂದಿನ ಮಳೆತೋಟ

ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಶಾಲೆಯ ಒಂದನೇ ಕ್ಲಾಸಿನಲ್ಲಿ ಕೂತವರಲ್ಲ. ತಣಿಸಂದ್ರದ ಕಡೆ ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಎತ್ತರಿಸುತ್ತಲೇ ಹೋದರು. ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮಾತ್ರ ಇದ್ದಲ್ಲೇ ಉಳಿದು ಬಾಣಲೆಯ ತಳದಂತಾಯಿತು. ಜೋರು ಮಳೆ ಬಂದರೆ ಅಂಗಳದ ನೀರೆಲ್ಲ ಹೊಸ್ತಿಲು ದಾಟಿ ಒಂದನೇ ಕ್ಲಾಸಿಗೆ ನುಗ್ಗುತ್ತಿತ್ತು. ಆ ಮಕ್ಕಳು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂರುವವರು. ಮಳೆಗಾಲದಲ್ಲಿ ಅಕ್ಷರ ಕಲಿಸಿದ್ದಕ್ಕಿಂತ ಚಾಪೆ ಒಣಗಿಸಿದ್ದೇ ಹೆಚ್ಚು.

ಆ ವರ್ಷ ಬೇಸಿಗೆ ರಜೆ ಮುಗಿಯುತ್ತಿದ್ದಂತೆ ಶಾಲಾ ಸಮಿತಿಯ ಅಧ್ಯಕ್ಷರು ನೇರವಾಗಿ ಹೇಳಿಬಿಟ್ಟರು. “ಈ ಸಲಾನೂ ನೀರ್ ನುಗ್ಗಿದ್ರೆ ಒಂದನೇ ಕ್ಲಾಸ್ನ ಆಚೆ ಸ್ಕೂಲಿಗೆ ಕಳಿಸ್ಬಿಡೋಣ ಮೇಡಂ. ಮಕ್ಳು ಹುಷಾರ್ ತಪ್ತಾವೆ.” ಆಚೆ ಸ್ಕೂಲೆಂದರೆ ಮುಖ್ಯರಸ್ತೆಯ ಆಚೆ. ನೀರಿನ ಟ್ಯಾಂಕರು, ಜಲ್ಲಿ ಲಾರಿ ಬಿಡುವಿಲ್ಲದೆ ಓಡುವ ಆ ರಸ್ತೆಯನ್ನು ದೊಡ್ಡವರೇ ದೇವರ ಹೆಸರು ಹೇಳಿಕೊಂಡು ದಾಟುತ್ತಿದ್ದರು. ಇನ್ನು ಆ ಪುಟ್ಟ ಮಕ್ಕಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಾಟಬೇಕು. ಅಧ್ಯಕ್ಷರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಸಹಕಾರನಗರದಲ್ಲಿ ನಮ್ಮಕ್ಕನ ಮನೆಯೆದುರಿನ ಪಾರ್ಕಿನಲ್ಲಿ ಒಂದು ತಗ್ಗು ತೋಟವಿತ್ತು. ಸುತ್ತಲಿನ ಮಳೆನೀರೆಲ್ಲ ಹರಿದು ಬಂದು ಅದರಲ್ಲಿ ನಿಂತು, ಮರುದಿನಕ್ಕೆಲ್ಲ ಮಣ್ಣಿಗೆ ಇಳಿದುಹೋಗುತ್ತಿತ್ತು. ಇದಕ್ಕೆ ಮಳೆತೋಟ ಅಂತಾರೆ ಎಂದಳು ಅಕ್ಕ. ನಮ್ಮ ಅಂಗಳಕ್ಕೂ ಒಂದು ಆಗಲೇಬೇಕು ಎಂದು ನಾನು ಹಟ ಹಿಡಿದೆ. ಒಂದು ಭಾನುವಾರ ಮಕ್ಕಳ ಮನೆಯವರೆಲ್ಲ ಸೇರಿ ಒಂದನೇ ಕ್ಲಾಸಿನ ಮುಂದೆ ಮೊಣಕಾಲುದ್ದ ತಗ್ಗು ತೋಡಿದರು. ಎಲ್ಲರಿಗಿಂತ ಮುಂದಿದ್ದವರು ಅದೇ ಕ್ಲಾಸಿನ ಹುಡುಗಿಯೊಬ್ಬಳ ಅಜ್ಜಿ. ಆ ಊರಿನ ಹಳೇ ಮನೆಯವರು. ನೀರು ನಿಂತರೂ ಕೊಳೆಯದ ಕಾಬಾಳೆ ಗೆಡ್ಡೆ, ಲಾವಂಚ, ಒಂದೆಲಗ ಎಲ್ಲವನ್ನೂ ನಾನು ಬಂದ ಮೇಲೆ ನೆಡೋಣ ಎಂದು ಹೇಳಿ ಇಲಾಖೆಯ ತರಬೇತಿಗೆ ಹೊರಟೆ.

ತರಬೇತಿ ಮುಗಿಸಿ ಬಂದು ನೋಡಿದರೆ ತಗ್ಗಿನ ತಳ ನುಣ್ಣಗೆ ಹೊಳೆಯುತ್ತಿತ್ತು. ಅಜ್ಜಿ ಒಂದಷ್ಟು ತಾಯಂದಿರನ್ನು ಸೇರಿಸಿಕೊಂಡು, ನೀರು ಚಿಮುಕಿಸಿ, ತುಳಿದು, ಮರದ ತುಂಡಿನಿಂದ ಬಡಿದು, ಸಗಣಿ ಸಾರಿಸಿ, ನಡುವೆ ರಂಗೋಲಿ ಬೇರೆ ಬಿಟ್ಟಿದ್ದರು.

“ಸ್ಕೂಲಂದ್ರೆ ಸರಸ್ವತಿ ಇರೋ ಜಾಗ ಟೀಚರಮ್ಮ. ಇಂಗೆ ಅಗೆದು ಅಂಗೇ ಬುಟ್ರೆ ನೋಡ್ದೋರು ಏನಂತಾರೆ?” ಎಂದರು ಅಜ್ಜಿ.

ಸುಗ್ಗಿಯಲ್ಲಿ ರಾಗಿ ಬಡಿಯಲು ಅವರು ಮಾಡುತ್ತಿದ್ದ ಕಣವೇ ಅದು. ಅವರ ಕಣವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತಿದ್ದವು. ಎಷ್ಟೋ ವರ್ಷದ ಮೇಲೆ ಕೈಗೆ ಸಿಕ್ಕ ಮಣ್ಣನ್ನು ಅವರು ಸುಮ್ಮನೆ ಬಿಡುವುದುಂಟೇ? ನನಗೂ ನೋಡಿ ಖುಷಿಯಾಯಿತು. ಬಾಯಿತುಂಬ ಹೊಗಳಿದೆ.

ಗಿಡ ನೆಡುವ ಮೊದಲೇ ಆ ಸಂಜೆ ಮಳೆ ಬಂತು. ಸಾಧಾರಣ ಮಳೆ. ತಗ್ಗು ಅರ್ಧ ತುಂಬಿತು, ಕ್ಲಾಸಿಗೆ ಹನಿ ನೀರೂ ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಆದರೆ ತುಂಬಿದ ನೀರು ಇಳಿಯಲೇ ಇಲ್ಲ. ಇವತ್ತು ಇಳಿಯುತ್ತೆ, ನಾಳೆ ಇಳಿಯುತ್ತೆ ಎಂದು ಕಾಯುತ್ತಾ ವಾರ ಕಳೆಯಿತು. ಮಕ್ಕಳು ಕಾಗದದ ದೋಣಿ ಬಿಟ್ಟವು. ಆಮೇಲೆ ನೀರಿನಲ್ಲಿ ಹುಳ ಆಡತೊಡಗಿದವು. ಡೆಂಗಿ ಜ್ವರದ ಸುದ್ದಿಗೆ ಊರೇ ಹೆದರಿತ್ತು. ಶನಿವಾರ ಬೆಳಿಗ್ಗೆ ಅಧ್ಯಕ್ಷರು ಬಂದರು.

“ಏನ್ ಮೇಡಂ, ಗಣೇಶನ್ನ ಮಾಡೋಕೋಗಿ ಅವ್ರಪ್ಪನ್ನ ಮಾಡ್ದಂಗಾಯ್ತಲ್ಲ? ತೋಟ ಅಂದ್ರಿ, ಸೊಳ್ಳೆಗೆ ಕೆರೆ ಕಟ್ಕೊಟ್ಟಿದೀರ. ಸೋಮವಾರ ಒಂದ್ ಲೋಡ್ ಮಣ್ಣು ತರ್ಸಿ ಮುಚ್ಚಿಸ್ತೀನಿ.”

ತಗ್ಗು ಮುಚ್ಚಿದರೆ ಮುಂದಿನ ಜೋರು ಮಳೆ ನೇರ ಕ್ಲಾಸಿಗೆ, ಕ್ಲಾಸು ನೇರ ರಸ್ತೆಯಾಚೆಗೆ. ಅವರು ಅತ್ತ ಹೋಗುತ್ತಲೇ ನಾನು ಸೀರೆ ಎತ್ತಿ ಸಿಕ್ಕಿಸಿ, ಸಿಟ್ಟಿನಲ್ಲೇ ಆ ನೀರಿಗೆ ಇಳಿದೆ. ಜಾರಿ ಬೀಳುವುದರಲ್ಲಿದ್ದೆ. ಕಾಲಡಿ ಕೆಸರೇ ಇರಲಿಲ್ಲ, ಸಿಮೆಂಟು ಹಾಕಿದ ಹಾಗೆ ಗಟ್ಟಿ ನೆಲ. ರಾಗಿ ಕಾಳು ಒಂದೂ ಮಣ್ಣಿಗಿಳಿಯದಂತೆ ಮಾಡುವ ನೆಲದಲ್ಲಿ ನೀರು ಎಲ್ಲಿಂದ ಇಳಿಯಬೇಕು?

ಮಧ್ಯಾಹ್ನ ಮೊಮ್ಮಗಳನ್ನು ಕರೆದೊಯ್ಯಲು ಅಜ್ಜಿ ಬಂದರು. ಯಾರಿಗೆ ಬೇಕಾದರೂ ಮುಖಕ್ಕೆ ಹೊಡೆದಂತೆ ಮಾತಾಡುವ ನಾನು ಅವತ್ತು ಊಟ ಆಯ್ತಾ, ಬಿಸಿಲು ಜೋರಲ್ವಾ ಎಂದೆಲ್ಲ ಸುತ್ತಿ ಬಳಸಿ ಮಾತಾಡಿದೆ. ಕೊನೆಗೆ, “ಅಜ್ಜಿ, ತಳ ಗಟ್ಟಿಯಾಗ್ಬಿಟ್ಟಿದೆ. ಅದಕ್ಕೇ ನೀರು ಇಳೀತಿಲ್ಲ,” ಎಂದೆ.

ಅವರು ಬಗ್ಗಿ ನೀರಿಗೆ ಕೈಯಿಟ್ಟು ತಳ ಸವರಿದರು. ಮುಖ ಸಣ್ಣದಾಯಿತು. “ಅಯ್ಯೋ ಸಿವನೇ, ನೀರ್ ಕುಡಿಯೋ ಬಾಯ್ನೇ ಮುಚ್ಬುಟ್ವಾ?” ಎಂದು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಮಾಡ್ದೋರು ನಾವು, ಕೀಳೋರೂ ನಾವೇಯ. ಬ್ಯಾರೆಯೋರು ಆರೆ ಮುಟ್ಕೂಡ್ದು,” ಎಂದರು.

ಭಾನುವಾರ ಬಕೆಟ್ಟಿನಲ್ಲಿ ನೀರೆಲ್ಲ ಮೊಗೆದು ಚೆಲ್ಲಿದೆವು. ಹಾರೆಯ ಮೊದಲ ಏಟು ಹಾಕುವಾಗ ಅಜ್ಜಿ ಕಣ್ಣು ಮುಚ್ಚಿಕೊಂಡರು. ಹೆಂಟೆ ಒಡೆದು, ಮರಳೂ ಎಲೆಗೊಬ್ಬರವೂ ಬೆರೆಸಿ, ಯಾರೂ ತುಳಿಯದಂತೆ ಹಲಗೆ ಹಾಕಿಕೊಂಡು ಗಿಡ ನೆಟ್ಟೆವು. ನಾನು ಮನೆ ಸೇರುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತ್ತು. ಆಮೇಲೆ ಸುರಿದದ್ದು ಅಂತಿಂಥ ಮಳೆಯಲ್ಲ. ಕಿಟಕಿಯ ಬಳಿ ನಿಂತು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ.

ಸೋಮವಾರ ಬಸ್ಸಿಳಿದು ನೋಡಿದರೆ ಮಣ್ಣು ತುಂಬಿದ ಟ್ರ್ಯಾಕ್ಟರು ಶಾಲೆಯ ಗೇಟಿನಲ್ಲಿ ನಿಂತಿತ್ತು. ಒಳಗೆ ಹೋದೆ. ಒಂದನೇ ಕ್ಲಾಸಿನ ಬಾಗಿಲು ತೆರೆದಿತ್ತು. ಅಜ್ಜಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಸವರುತ್ತಿದ್ದರು. “ಬನ್ನಿ ಟೀಚರಮ್ಮ, ಮುಟ್ಟಿ ನೋಡಿ,” ಎಂದರು. ಮುಟ್ಟಿದೆ. ಒಣಗಿದ ನೆಲ, ಮೂಲೆಯಲ್ಲಿ ಸೀಮೆಸುಣ್ಣದ ಪುಡಿ ಕೂಡ ಹಾಗೇ ಇತ್ತು.

ಹೊರಗೆ ಅಧ್ಯಕ್ಷರು ಮಳೆತೋಟದ ಅಂಚಿನಲ್ಲಿ ನಿಂತಿದ್ದರು. ಕಾಬಾಳೆಗಳು ಒಂದು ಪಕ್ಕಕ್ಕೆ ವಾಲಿದ್ದವು, ಮಧ್ಯದಲ್ಲಿ ತಟ್ಟೆಯಗಲ ನೀರು ಉಳಿದಿತ್ತು, ಅಷ್ಟೇ. ಅವರು ಛತ್ರಿಯ ತುದಿಯಿಂದ ಚುಚ್ಚಿದರು. ಸಲೀಸಾಗಿ ಇಳಿಯಿತು. ಬಂದು ಕ್ಲಾಸಿನೊಳಗೂ ಇಣುಕಿ ನೋಡಿದರು. ಆಮೇಲೆ ಡ್ರೈವರಿನ ಕಡೆ ತಿರುಗಿ, “ಎಲ್ಲಿಂದ ತಂದ್ಯೋ ಅಲ್ಲೇ ಸುರಿ ಹೋಗಪ್ಪ,” ಎಂದರು. ನನಗೆ ಹೇಳಿದ್ದು ಇಷ್ಟೇ: “ಒಂದನೇ ಕ್ಲಾಸು ಇಲ್ಲೇ ಇರ್ಲಿ ಬಿಡಿ ಮೇಡಂ.”

ಉಸ್ಸಪ್ಪಾ ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಅಜ್ಜಿಯ ಮೊಮ್ಮಗಳು ಬ್ಯಾಗು ಕುಣಿಸಿಕೊಂಡು ಗೇಟಿನೊಳಗೆ ಓಡಿಬಂದಳು. ಹಿಂದೆ ಯಾರೂ ಇರಲಿಲ್ಲ.

“ಒಬ್ಳೇ ಬಂದ್ಯೇನೇ?” ಎಂದೆ.

“ಹೂಂ ಮಿಸ್. ಸ್ಕೂಲು ಇಲ್ಲೇ ಅಲ್ವಾ?”

“ಹೌದು ಕಣೇ, ಇಲ್ಲೇ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.