ಅಕ್ಕನ ರಕ್ತ, ನನ್ನ ಪೇಪರು

ನಾನು ಔಷಧಿ ಕೊಡುವ ಡಾಕ್ಟರಲ್ಲ ಎಂಬುದನ್ನು ನಮ್ಮ ಮನೆಯವರಿಗೆ ಅರ್ಥ ಮಾಡಿಸಲು ಕೊನೆಗೂ ನನ್ನಿಂದ ಆಗಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಉಳಿದ ಹೊತ್ತಿನಲ್ಲಿ, ಕರುಳಿನ ಉರಿಯೂತ ಇದ್ದವರ ರಕ್ತದಲ್ಲಿ ಸಿ ಮತ್ತು ಇ ವಿಟಮಿನ್ ಎಷ್ಟಿದೆ ಎಂದು ಅಳೆಯುತ್ತಿದ್ದೆ. ಉರಿಯೂತದಿಂದ ಆಗುವ ಹಾನಿಯನ್ನು ತಡೆಯುವ ಆಂಟಿಆಕ್ಸಿಡೆಂಟುಗಳು ಇವು. ಕಾಯಿಲೆಯವರಲ್ಲಿ ಕಡಿಮೆ ಇರಬಹುದು ಎಂಬುದು ನಮ್ಮ ಊಹೆ. ಅಳೆದು ಲೆಕ್ಕ ಹಾಕುವುದಷ್ಟೇ ನನ್ನ ಕೆಲಸ.

ಅದೇ ಕಾಯಿಲೆ ಹರಿಹರದಲ್ಲಿದ್ದ ನನ್ನ ಅಕ್ಕನಿಗೂ ಇತ್ತು. ದಿನವಿಡೀ ರಕ್ತಭೇದಿ. ಬಸ್ಸು ಹತ್ತಲು ಹೆದರುತ್ತಿದ್ದಳು. ಮದುವೆ ಮನೆಗೆ ಹೋದರೆ ಮದುಮಕ್ಕಳಿಗಿಂತ ಮೊದಲು ಪಾಯಖಾನೆ ಎಲ್ಲಿದೆ ಎಂದು ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟ ಸ್ಟೆರಾಯ್ಡ್ ಮಾತ್ರೆಯಿಂದ ಭೇದಿ ತಹಬಂದಿಗೆ ಬಂತು, ಮುಖ ಮಾತ್ರ ಊದಿಕೊಂಡಿತು. ಅವಳ ರಕ್ತವೂ ನನಗೆ ಬೇಕಿತ್ತು. ನರ್ಸೊಬ್ಬರಿಂದ ತೆಗೆಸಿದೆ. ಸಿ ವಿಟಮಿನ್ ಬೆಳಕಿಗೆ, ಬಿಸಿಗೆ ಬೇಗ ಹಾಳಾಗುತ್ತದೆ. ಟ್ಯೂಬಿಗೆ ಕಪ್ಪು ಕಾಗದ ಸುತ್ತಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು, ದಾರಿಯ ಬಾತಿ ಊರಿನಲ್ಲಿ ಬಸ್ಸು ಸುಮ್ಮನೆ ನಿಂತಾಗ ಡ್ರೈವರನ್ನು ಮನಸ್ಸಿನಲ್ಲೇ ಬೈಯುತ್ತ ದಾವಣಗೆರೆಗೆ ತಂದೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ, ನನ್ನದನ್ನೂ ಕೊಟ್ಟೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಾವಿಬ್ಬರೂ ನನ್ನ ಸಂಶೋಧನೆಯ ಪೇಪರಿನಲ್ಲಿ ಬೇರೆ ಬೇರೆ ಕಾಲಮ್ಮಿಗೆ ಸೇರಿದೆವು.

ಪೇಪರು ಪ್ರಕಟವಾದಾಗ ಒಂದು ಪ್ರತಿಯನ್ನು ಹಿಗ್ಗಿನಿಂದ ಅಕ್ಕನ ಮನೆಗೆ ಒಯ್ದೆ. ಭಾವ ಎಣ್ಣೆ, ಬೆಲ್ಲದ ವ್ಯಾಪಾರಿ. ಆ ಪ್ರತಿಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲಿಟ್ಟರು.

"ಏನಂತ ಬರದೀರಿ ಡಾಕ್ಟ್ರೆ?"

"ಈ ಕಾಯಿಲೆಯವರಿಗೆ ವಿಟಮಿನ್ ಕಡಿಮೆ ಐತೆ ಅಂತ, ಭಾವ. ಹಂಗಂತ ಅದನ್ನ ತಿಂದ್ರೆ ವಾಸಿ ಆಕ್ಕತೆ ಅಂತಲ್ಲ."

ಮೊದಲ ಮಾತು ಹರಿಹರದ ನೆಂಟರಿಗೆಲ್ಲ ಮುಟ್ಟಿತು. ಎರಡನೆಯದು ಆ ಮನೆಯ ಹೊಸ್ತಿಲನ್ನೂ ದಾಟಲಿಲ್ಲ.

ನಮ್ಮ ಜನ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ. ಅಲ್ಲಿಯತನಕ ಬ್ರೆಡ್ಡು ಬಿಸ್ಕೀಟು ತರುತ್ತಿದ್ದವರು ಈಗ ಮೋಸಂಬಿ, ಕಿತ್ತಳೆ ತರತೊಡಗಿದರು. ಭಾವನ ಚಿಕ್ಕಮ್ಮ ಆನಗೋಡಿನಿಂದ ಚೀಲದ ತುಂಬ ನೆಲ್ಲಿಕಾಯಿ ಹೊತ್ತು ತಂದರು. ತಂದವರು ಕೊಟ್ಟು ಸುಮ್ಮನೆ ಹೋಗುವವರೂ ಅಲ್ಲ. ತಮ್ಮ ಕಣ್ಣೆದುರಿಗೆ ಅಕ್ಕ ಒಂದಾದರೂ ತಿನ್ನಬೇಕು.

"ತಿನ್ನವ್ವ, ನಿನ್ನ ತಮ್ಮನ ಪೇಪರ್‌ನಾಗೇ ಬರದೈತಂತೆ," ಎಂದರಂತೆ ಚಿಕ್ಕಮ್ಮ.

ಅಕ್ಕ ದಾಕ್ಷಿಣ್ಯಕ್ಕೆ ತಿಂದಳು. ಬಂದವರೆಲ್ಲರ ಎದುರಿಗೂ ತಿಂದಳು. ಇಷ್ಟೆಲ್ಲ ವಿಟಮಿನ್ ಹೊಟ್ಟೆಗೆ ಹೋಗುವಾಗ ಮುಖ ಊದಿಸುವ ಮಾತ್ರೆ ಇನ್ನು ಯಾಕೆ ಎಂದು ಭಾವ ಅದನ್ನು ಒಮ್ಮೆಲೇ ನಿಲ್ಲಿಸಿಬಿಟ್ಟರು. ಇವರಲ್ಲಿ ಯಾರೂ ಅವಳಿಗೆ ಕೆಟ್ಟದ್ದು ಬಯಸಿದವರಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಬಾಯಿತುಂಬ ಬೈಯೋಣವೆಂದರೆ ಒಬ್ಬ ಆಸಾಮಿಯೂ ಸಿಗುವುದಿಲ್ಲ.

ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ತಂದಾಗಿತ್ತು. ಜ್ವರ ಏರಿತ್ತು, ಹೊಟ್ಟೆ ಉಬ್ಬಿ ಬಿಗಿದುಕೊಂಡಿತ್ತು. ಮಾತ್ರೆ ಬಿಟ್ಟದ್ದರಿಂದ ರೋಗ ಕೆರಳಿದೆ, ದೊಡ್ಡ ಕರುಳನ್ನು ತೆಗೆಯದೆ ಬೇರೆ ದಾರಿಯಿಲ್ಲ, ತೆಗೆದರೂ ಉಳಿಯುತ್ತಾರೆಂದು ಹೇಳಲಾರೆ ಎಂದರು ಸರ್ಜನ್. ಹೊರಗೆ ಬೆಂಚಿನ ಮೇಲೆ ಕೂತಿದ್ದ ಭಾವ ನನ್ನ ಕೈ ಹಿಡಿದರು.

"ವಿಟಮಿನ್ನು ಇಂಜೆಕ್ಷನ್‌ನಾಗೆ ಕೊಡಾಕೆ ಬರಲ್ಲೇನ್ರಿ ಡಾಕ್ಟ್ರೆ?"

ನಾನು ಕೈ ಬಿಡಿಸಿಕೊಂಡು ಒಳಗೆ ಹೋದೆ. ಅಕ್ಕ ಎಚ್ಚರವಾಗಿದ್ದಳು. ತುಟಿ ಒಣಗಿತ್ತು. ಹತ್ತಿರ ಕರೆದಳು.

"ತಮ್ಮ, ಒಂದು ಕೇಳ್ತೀನಿ. ವಿಟಮಿನ್ ಕಡಿಮೆ ಆಗಿ ನನಗೆ ಈ ಕಾಯಿಲೆ ಬಂತೊ, ಕಾಯಿಲೆ ಬಂದಿದ್ದಕ್ಕೆ ವಿಟಮಿನ್ ಕಡಿಮೆ ಆತೊ?"

ನಾವೂ ಪೇಪರಿನ ಕೊನೆಯಲ್ಲಿ ಅದನ್ನೇ ಕೇಳಿಕೊಂಡು, ಹೆಚ್ಚಿನ ಅಧ್ಯಯನ ಅಗತ್ಯ ಎಂದು ಬರೆದು ಕೈತೊಳೆದುಕೊಂಡಿದ್ದೆವು.

"ಗೊತ್ತಿಲ್ಲಕ್ಕ," ಎಂದೆ.

"ಮತ್ತೆ ಅಷ್ಟುದ್ದ ಏನ್ ಬರದ್ಯೊ?"

"ಕಡಿಮೆ ಐತೆ ಅಂತ ಬರದೆ."

"ಮೈಯಾಗೆ ಏನೋ ಕಡಿಮೆ ಆಗ್ತಾ ಐತೆ ಅನ್ನೋದು ನನಗೂ ಗೊತ್ತಿತ್ತು ಬಿಡು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸ್ಟ್ರೆಚರ್ ತಂದರು. ಆಪರೇಷನ್ ಆಯಿತು, ಅಕ್ಕ ಉಳಿಯಲಿಲ್ಲ. ಅದಾದ ಮೇಲೆ ನಾನು ಇನ್ನೂ ಕೆಲವು ಪೇಪರು ಬರೆದೆ. ಕಡಿಮೆ ಇದೆ ಎಂದೇ ಬರೆದೆ.